ಪ್ರಾಕ್ಸಿಮಾದ ಜ್ವಾಲೆಗಳು ಗ್ರಾಫ್‌ನಲ್ಲಿ ಕಾಣದಿದ್ದರೆ
ನಾಸಾದ ಟೆಸ್ ಬಾಹ್ಯಾಕಾಶ ದೂರದರ್ಶಕದ ಡೇಟಾದಲ್ಲಿ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಬೆಳಕಿನ ಗ್ರಾಫ್ ಸಪಾಟಾಗಿ ಬರುತ್ತಿದೆ, ಜ್ವಾಲೆಗಳು (ನಕ್ಷತ್ರ ದಿಢೀರನೆ ಬೆಳಗುವ ಸ್ಫೋಟಗಳು) ಕಾಣುತ್ತಿಲ್ಲ ಅಂದ್ರಲ್ಲ, ಬಹುಶಃ ಲೈಟ್‌ಕರ್ವ್ ಅನ್ನುವ ಪೈಥಾನ್ ಸಾಫ್ಟ್‌ವೇರ್‌ನ ‘ರಿಮೂವ್ ಔಟ್‌ಲೈಯರ್ಸ್’ ಆಜ್ಞೆ ಜ್ವಾಲೆಗಳನ್ನೇ ಕಸ ಅಂತ ಗುಡಿಸಿ ಹಾಕಿದೆ. ಅದು 5 ಸಿಗ್ಮಾ (ಡೇಟಾದ ಸಾಮಾನ್ಯ ಏರಿಳಿತದ ಐದು ಪಟ್ಟು) ದಾಟಿದ ಬಿಂದುಗಳನ್ನು ಮೇಲೂ ಕೆಳಗೂ ಕತ್ತರಿಸುತ್ತದೆ.

ಮೊದಲು ಆ ಸಾಲು ತೆಗೆದು ಮತ್ತೆ ಓಡಿಸಿ. ಕೆಳಗಿನ ಕಸ ಮಾತ್ರ ತೆಗೆಯಬೇಕಿದ್ದರೆ ‘ಸಿಗ್ಮಾ ಅಪ್ಪರ್’ಗೆ, ಅಂದರೆ ಮೇಲಿನ ಮಿತಿಗೆ, ಇನ್ಫಿನಿಟಿ ಕೊಡಿ. ಆಮೇಲೆ 2 ನಿಮಿಷಕ್ಕೊಂದು ಅಳತೆ ಇರುವ ಡೇಟಾನೇ ತಗೊಳ್ಳಿ, 30 ನಿಮಿಷದ್ದರಲ್ಲಿ ಚಿಕ್ಕ ಜ್ವಾಲೆಗಳು ಕರಗಿಹೋಗುತ್ತವೆ. 2019ರ 11, 12ನೇ ಸೆಕ್ಟರ್ (ಟೆಸ್ ಒಂದು ಸಲಕ್ಕೆ ನೋಡುವ ಆಕಾಶದ ಭಾಗ) ಸಾಕು, ಅವೆರಡರಲ್ಲೇ 72 ಜ್ವಾಲೆ ಸಿಕ್ಕಿವೆ. ಒಂದನ್ನು ಹಿಗ್ಗಿಸಿ ನೋಡಿ: ಥಟ್ಟನೆ ಏರಿ, ನಿಧಾನಕ್ಕೆ ಜಾರುತ್ತದೆ. ಒಂದೇ ಬಿಂದು ಎದ್ದಿದ್ದರೆ ಅದು ಜ್ವಾಲೆಯೋ ಕಾಸ್ಮಿಕ್ ಕಿರಣವೋ ಹೇಳುವುದು ಕಷ್ಟ, ಬಿಟ್ಟುಬಿಡಿ.

ಈ ನಕ್ಷತ್ರವನ್ನು ಸುತ್ತುವ ಪ್ರಾಕ್ಸಿಮಾ ಬಿ ಗ್ರಹದ ವಾತಾವರಣ ಜ್ವಾಲೆಗಳ ನಡುವೆಯೂ ಉಳಿದಿದೆಯಾ ಅನ್ನುವುದಕ್ಕೆ ಮಾತ್ರ ಇದರಲ್ಲಿ ನೇರ ಉತ್ತರ ಇಲ್ಲ. ಟೆಸ್ ನೋಡುವುದು ಜಾಸ್ತಿ ಕೆಂಪು ಬೆಳಕು. ಓಝೋನ್ ಕೆಡಿಸುವುದು ನೇರಳಾತೀತ ಕಿರಣ ಮತ್ತು ಪ್ರೋಟಾನ್‌ಗಳು.