ಸ್ಟಾರ್‌ಫೈಟರ್ ಕೆಡವಿದ ಕೊಡಗಿನ ಪೈಲಟ್

ಪ್ರಶ್ನೆ: 1965ರ ಯುದ್ಧದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಕೆಡವಿದ ಕನ್ನಡನಾಡಿನ ಪೈಲಟ್ ಯಾರು? ಪದಕ ಅಷ್ಟು ತಡ ಯಾಕಾಯ್ತು?
– ಓದುಗರೊಬ್ಬರು, ಗಂಗಾವತಿ

ಉತ್ತರ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ, ಕೊಡಗಿನವರು. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರದು ಬದಲಿ ವಿಮಾನ. ಬೇರೆಯದು ಕೈಕೊಟ್ಟರೆ ಮಾತ್ರ ಹೋಗಬೇಕಿತ್ತು. ಹೋದರು.

ಅವರ ಮಿಸ್ಟೇರ್ ಯುದ್ಧವಿಮಾನಕ್ಕಿಂತ ಸ್ಟಾರ್‌ಫೈಟರ್ ವೇಗ ಎಷ್ಟೋ ಜಾಸ್ತಿ, ಶಬ್ದದ ಎರಡು ಪಟ್ಟು. ಮತ್ತೆ ಹೇಗೆ ಬಿತ್ತು? ನಮ್ಮ ಬಳ್ಳಾರಿಯ ಮಂಡಕ್ಕಿ ಅಂಗಡಿಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ಎರಡು ಮಿರ್ಚಿ ಎತ್ತಿ ತೋರಿಸಿದ್ದರು. ಉದ್ದದ್ದು ಸ್ಟಾರ್‌ಫೈಟರ್, ರೆಕ್ಕೆ ಗಿಡ್ಡ. "ಇದು ತಿರುಗಬೇಕಂದ್ರ ಊರೆಲ್ಲಾ ಸುತ್ತಬೇಕು ನೋಡ್ರಿ" ಎಂದು ತಟ್ಟೆಯ ಸುತ್ತ ಎಳೆದರು. ಗಿಡ್ಡ ಮಿರ್ಚಿ ಮಂಡಕ್ಕಿ ಮೇಲೇ ಗಕ್ಕನೆ ತಿರುಗಿತು. (ಎರಡೂ ವಿಮಾನ ಆಮೇಲೆ ಅವರೇ ತಿಂದರು.)

ಗುಂಡೇಟು ತಿಂದ ಮೇಲೂ ದೇವಯ್ಯ ತಿರುಗಿ ಹೊಡೆದರು. ಎದುರಾಳಿ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದ. ಇವರು ಮರಳಲಿಲ್ಲ. ನಮ್ಮವರಿಗೆ ಗೊತ್ತಿದ್ದದ್ದು ಮರಳಲಿಲ್ಲ ಅನ್ನೋದಷ್ಟೇ. ನಮ್ಮ ಕಡೆ ಕಾಳಗ ಕಂಡವರೇ ಇರಲಿಲ್ಲ. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ಮಾಹಿತಿ ಬರೆದ ಮೇಲೆ ವಿಷಯ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ!