ವಿಭಾಗದ ಜೊತೆ ಮಾರಾಟವಾದೆನೆಂಬ ನೋವು: ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದ ಅವರು ಬೆಂಗಳೂರಿನ ದೂರಸಂಪರ್ಕ ಉಪಕರಣ ಕಂಪನಿಯೊಂದರ ಎಂಜಿನಿಯರ್. 16 ವರ್ಷ ದುಡಿದ ನೆಟ್‌ವರ್ಕ್ ವಿಭಾಗವನ್ನು ಕಂಪನಿ ಮಾರಿತ್ತು, ಅದೂ ಪ್ರತಿ ಟೆಂಡರ್‌ನಲ್ಲಿ ಇವರ ತಂಡ ಜಿದ್ದಿಗೆ ಬಿದ್ದು ಸೆಣಸಿದ್ದ ಎದುರಾಳಿಗೇ. ಹೊಸ ನೇಮಕಾತಿ ಪತ್ರಕ್ಕೆ ಸಹಿ ಹಾಕಲು ವಾರದ ಗಡುವು. ರಾತ್ರಿ ನಿದ್ದೆಯಿಲ್ಲ, ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕು. "ಮೇಡಂ, ಯಂತ್ರಗಳ ಜೊತೆ ನನ್ನನ್ನೂ ಲೆಕ್ಕ ಹಾಕಿ ಕೊಟ್ಟುಬಿಟ್ಟರು" ಎಂದರು.

"ಕೆಲಸ ಉಳಿಯಿತಲ್ಲ" ಎಂದು ಸಮಾಧಾನ ಹೇಳುವವರು ಅವರ ಸುತ್ತ ಬೇಕಾದಷ್ಟಿದ್ದರು. ತಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂಬ ಅವಮಾನ ಅದರಿಂದ ಹೋಗುವುದಿಲ್ಲ. ಮೊದಲ ಭೇಟಿಯಲ್ಲಿ ಅದನ್ನು ಪೂರ್ತಿ ಹೇಳಿಕೊಳ್ಳಲು ಬಿಟ್ಟೆ.

ಮುಂದಿನ ಭೇಟಿಗೆ ಪತ್ರ ತಂದರು. ಸಂಬಳದ ಸಾಲಿನ ಕೆಳಗೆ ಮಾತ್ರ ಪೆನ್ಸಿಲ್ ಗೆರೆ ಎಳೆದಿದ್ದರು. ಹಿಂದಿನ ಸೇವೆಯ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ. ಗ್ರಾಚ್ಯುಟಿಯನ್ನು, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ಕಂಪನಿ ಕೊಡುವ ಹಣವನ್ನು, ಸೇವೆಯ ವರ್ಷವೊಂದಕ್ಕೆ 15 ದಿನದ ವೇತನದಂತೆ, ಕೊನೆಯಲ್ಲಿ ಪಡೆದ ವೇತನದ ಮೇಲೆ ಲೆಕ್ಕ ಹಾಕುತ್ತಾರೆ. "ಆ 16 ವರ್ಷವನ್ನು ಹೊಸಬರು ಮುಂದುವರಿಸುತ್ತಾರೋ, ಹಳಬರು ಈಗಲೇ ಚುಕ್ತಾ ಮಾಡುತ್ತಾರೋ, ಬರಹದಲ್ಲಿ ಕೇಳಿ. ಉತ್ತರ ಕೈಗೆ ಬರುವವರೆಗೆ ಸಹಿ ಬೇಡ. ಕಾರ್ಮಿಕ ಕಾನೂನು ಬಲ್ಲ ವಕೀಲರಿಗೂ ತೋರಿಸಿ" ಎಂದೆ.

ಅವರನ್ನು ಇನ್ನೂ ಹೆಚ್ಚು ಕಾಡುತ್ತಿದ್ದದ್ದು ಗೋಪ್ಯ ದಾಖಲೆಗಳ ಚಿಂತೆ. ಬಿಡಿಭಾಗ ಪೂರೈಸುತ್ತಿದ್ದ ಮತ್ತೊಂದು ಕಂಪನಿಯ ತಾಂತ್ರಿಕ ಮಾಹಿತಿ ಅವರ ಬಳಿ ಇತ್ತು; ಆ ಕಂಪನಿಗೂ ಹೊಸ ಮಾಲೀಕರಿಗೂ ಪೈಪೋಟಿ. ಈ ಭಯಕ್ಕೆ ಆಧಾರವಿದೆ. ಮೊಟೊರೊಲಾ ತನ್ನ ನೆಟ್‌ವರ್ಕ್ ವ್ಯವಹಾರವನ್ನು ನೋಕಿಯಾ ಸೀಮೆನ್ಸ್‌ಗೆ ಮಾರಲು ಹೊರಟಾಗ, ಮೊಟೊರೊಲಾಗೆ ಉಪಕರಣ ಒದಗಿಸುತ್ತಿದ್ದ ಹುವಾವೇ, ತನ್ನ ಗುಟ್ಟು ಎದುರಾಳಿಯ ಪಾಲಾಗುತ್ತದೆಂದು 2011ರ ಜನವರಿಯಲ್ಲಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತು. ಏಪ್ರಿಲ್‌ನಲ್ಲಿ ರಾಜಿಯಾದ ನಂತರ 97.5 ಕೋಟಿ ಡಾಲರ್‌ಗೆ ಮಾರಾಟ ಮುಗಿಯಿತು. ನಮ್ಮವರಿಗೆ ಹೇಳಿದ್ದು ಇಷ್ಟು: ದಾಖಲೆಗಳ ಪಟ್ಟಿ ಮಾಡಿ ಹಳೆಯ ಕಂಪನಿಯ ಕಾನೂನು ವಿಭಾಗಕ್ಕೆ ಒಪ್ಪಿಸಿ, ಸ್ವಂತ ಇಮೇಲ್‌ಗೆ ಏನನ್ನೂ ಕಳಿಸಿಕೊಳ್ಳಬೇಡಿ, ಹೊಸ ಮೇಲಧಿಕಾರಿ ಕೇಳಿದರೆ "ಕಾನೂನು ವಿಭಾಗದ ಮೂಲಕ ಕೇಳಿ" ಎನ್ನಿ.

ಹೊಸ ಕಡೆ ನೆಮ್ಮದಿಯಾಗಿರಬಹುದೆಂಬ ಭರವಸೆಯನ್ನು ನಾನು ಕೊಡಲಿಲ್ಲ. ನೋಕಿಯಾ ಸೀಮೆನ್ಸ್ ಅದೇ ವರ್ಷದ ನವೆಂಬರ್‌ನಲ್ಲಿ 17,000 ಹುದ್ದೆಗಳ ಕಡಿತ ಘೋಷಿಸಿತ್ತು. ಆರು ತಿಂಗಳ ಮನೆಖರ್ಚು ಬದಿಗಿಡಿ, ಹೊಸ ಸಾಲ ಬೇಡ, ಹೆಂಡತಿಯಿಂದ ಯಾವುದನ್ನೂ ಮುಚ್ಚಿಡಬೇಡಿ ಎಂದೆ.

ತಿದ್ದಿದ ಪತ್ರ ಹಳೆಯ ಸೇರ್ಪಡೆ ದಿನಾಂಕದೊಂದಿಗೆ ಬಂತು, ಸಹಿ ಹಾಕಿದರು. ನಿದ್ದೆಯ ತೊಂದರೆಗಾಗಿ ಇನ್ನೂ ಬರುತ್ತಿದ್ದಾರೆ.