ಹಳೇ ಗಿಟಾರು, ಮಲೆನಾಡಿನ ತೇವ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡ್ರೆಡ್‌ನಾಟ್ (ಅಗಲ ಹೊಟ್ಟೆಯ) ಅಕೌಸ್ಟಿಕ್ ಗಿಟಾರ್ ಕೊಂಡಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ 12ನೇ ಫ್ರೆಟ್ (ನೆಕ್ ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ದಪ್ಪ ತಂತಿ 4 ಮಿ.ಮೀ. ಎತ್ತರಕ್ಕೆ ಎದ್ದಿದೆ. ನೆಕ್ಕಿನ ಒಳಗಿನ ಲೋಹದ ಸರಳು, ಟ್ರಸ್ ರಾಡ್ ಬಿಗಿದರೆ ಸರಿಹೋದೀತೇ?
– ಓದುಗರು, ತೀರ್ಥಹಳ್ಳಿ

ಉತ್ತರ: ರಾಡ್ ತಿರುಗಿಸುವ ಅಲೆನ್ ಕೀ ಹಿಡಿಯುವ ಮೊದಲು ಅಳೆಯಿರಿ. ದಪ್ಪ ತಂತಿಯನ್ನು 1ನೇ ಫ್ರೆಟ್‌ನಲ್ಲೂ 14ನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ, 7ನೇ ಫ್ರೆಟ್ ಮೇಲಿನ ಸಂದಿ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.25 ಮಿ.ಮೀ. ಇದ್ದರೆ ನೆಕ್ ಚೆನ್ನಾಗಿಯೇ ಇದೆ, ರಾಡ್ ಮುಟ್ಟಬೇಡಿ. ಎರಡು ಕಾರ್ಡ್ ಸಲೀಸಾಗಿ ಹೋದರೆ ಮಾತ್ರ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಮರುದಿನ ಮತ್ತೆ ಅಳೆಯಿರಿ. ರಾಡ್ ಇರುವುದು ನೆಕ್ಕಿನ ಬಾಗು ತಿದ್ದಲಿಕ್ಕೆ, ತಂತಿ ಇಳಿಸಲಿಕ್ಕಲ್ಲ.

ನಿಮ್ಮದರಲ್ಲಿ ಎದ್ದಿರುವುದು ಬಹುಶಃ ಹೊಟ್ಟೆಯ ಹಲಗೆ. ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಕಂಪನಿಗಾಗಿ ಈ ಅಗಲ ಹೊಟ್ಟೆಯ ಮಾದರಿ ಮಾಡಿತು. ಡ್ರೆಡ್‌ನಾಟ್ ಎಂಬ ಬ್ರಿಟಿಷ್ ಯುದ್ಧನೌಕೆಯ ಹೆಸರನ್ನೇ ಇಟ್ಟರು. ಅಗಲವಾದ ತೆಳು ಹಲಗೆ ದೊಡ್ಡ ದನಿ ಕೊಡುತ್ತದೆ, ತೇವ ಕುಡಿದಾಗ ಉಬ್ಬುವುದೂ ಅದೇ. ಹಲಗೆ ಉಬ್ಬಿದರೆ ಅದಕ್ಕೆ ಅಂಟಿಸಿದ, ತಂತಿ ಸಿಕ್ಕಿಸುವ ಬ್ರಿಡ್ಜ್ ಮೇಲೇಳುತ್ತದೆ, ಅದರ ಜೊತೆ ತಂತಿಯೂ. ಬ್ರಿಡ್ಜ್‌ನ ಹಿಂದಿನ ಅಂಚಿಗೆ ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಅಂಟು ಬಿಟ್ಟಿದೆ. ಕೂಡಲೇ ತಂತಿಗಳನ್ನೆಲ್ಲ ಸಡಿಲ ಮಾಡಿ ರಿಪೇರಿಯವರಲ್ಲಿಗೆ ಒಯ್ಯಿರಿ. ತಕ್ಷಣ ಹಿಡಿಯುವ ಅಂಟು ಸುರಿಯಬೇಡಿ, ಆಮೇಲೆ ಅದನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ.

ಕಾಗದ ಹೋಗದಿದ್ದರೆ ಮೊದಲು ಒಣಗಿಸಿ. ತಂತಿಗಳನ್ನು ಎರಡು ಸ್ವರ ಇಳಿಸಿ, ಗಟ್ಟಿ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಚಿಕ್ಕ ತೇವಮಾಪಕವನ್ನೂ ಇಟ್ಟು, ಎರಡು ಮೂರು ವಾರ 45ರಿಂದ 55 ಶೇಕಡಾದಲ್ಲಿ ಇರಿಸಿ. 40ಕ್ಕಿಂತ ಕೆಳಗಿಳಿದರೆ ಹಲಗೆ ಸೀಳುವ ಭಯ, ಹಾಗಾದರೆ ಪೊಟ್ಟಣ ಹೊರತೆಗೆಯಿರಿ. ಕೊಡೆ, ಕಂಬಳಿ ಒಣಗಿಸುವ ಒಲೆ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ. ಬಿಸಿಗೆ ಅಂಟು ಮೆದುವಾಗುತ್ತದೆ.

ಒಣಗಿದ ಮೇಲೂ ಎತ್ತರವಿದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ, ಅಂದರೆ ಸ್ಯಾಡಲ್‌ನ ತಳವನ್ನು ಉಪ್ಪು ಕಾಗದದಲ್ಲಿ ತಿಕ್ಕಬಹುದು. 12ನೇ ಫ್ರೆಟ್‌ನಲ್ಲಿ 1 ಮಿ.ಮೀ. ಇಳಿಯಬೇಕೆಂದರೆ ಸ್ಯಾಡಲ್ 2 ಮಿ.ಮೀ. ತಿಕ್ಕಬೇಕು. ದಪ್ಪ ತಂತಿಗೆ 2.5 ಮಿ.ಮೀ. ಸಾಕು, 4ರಿಂದ ಅಲ್ಲಿಗೆ ಬರಲು ಸ್ಯಾಡಲ್ 3 ಮಿ.ಮೀ. ಹೋಗಬೇಕು. ಬ್ರಿಡ್ಜ್ ಮೇಲೆ ಅಷ್ಟು ಎತ್ತರ ಉಳಿದಿಲ್ಲದಿದ್ದರೆ ನೆಕ್ ಬಿಚ್ಚಿ ಕೋನ ತಿದ್ದಬೇಕು, ಅಗ್ಗದ ಗಿಟಾರಿಗೆ ಆ ಖರ್ಚು ಮಾಡುವುದು ಬೇಡ.

ಪ್ರಶ್ನೆ: ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕು. ಸ್ಟ್ರಾಟ್ ಮಾದರಿಯೋ, ಲೆಸ್ ಪಾಲ್ ಮಾದರಿಯೋ?
– ಓದುಗರು, ಸಾಗರ

ಉತ್ತರ: ಹಳೇದಾದರೆ ಸ್ಟ್ರಾಟ್ ಮಾದರಿಯೇ ಕ್ಷೇಮ. ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. 1954ರ ಸ್ಟ್ರಾಟೋಕ್ಯಾಸ್ಟರ್‌ಗೆ ನೆಕ್ಕನ್ನು ನಾಲ್ಕು ತಿರುಪಿನಲ್ಲಿ ಕೂಡಿಸಿದರು. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಗಿಬ್ಸನ್ನರ 1952ರ ಲೆಸ್ ಪಾಲ್‌ನಲ್ಲಿ ನೆಕ್ ಅಂಟಿನದು, ತಲೆ ಹಿಂದಕ್ಕೆ ಬಾಗಿದೆ. ಕೆಳಗೆ ಬಿದ್ದರೆ ನಟ್‌ನ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿಯ) ಹಿಂದೆಯೇ ಮುರಿಯುತ್ತದೆ. ಅಲ್ಲಿ ಟಾರ್ಚ್ ಅಡ್ಡವಾಗಿ ಹಿಡಿದು, ಉಗುರಿನಿಂದ ಗೀರಿ ನೋಡಿ. ಬಣ್ಣದ ಕೆಳಗಿನ ಕೂದಲೆಳೆಯ ಗೆರೆ ಉಗುರಿಗೆ ಸಿಕ್ಕಿದರೆ ಬಿಟ್ಟು ಬನ್ನಿ.

ಸ್ಟ್ರಾಟ್‌ನ ಒಂಟಿ ಸುರುಳಿ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಗುಂಯ್‌ಗುಡುತ್ತದೆ, ಅದು ದೋಷವಲ್ಲ. ಗಿಬ್ಸನ್‌ನ ಸೆತ್ ಲವರ್ ಎರಡು ಸುರುಳಿಯ ಹಂಬಕರ್ ಮಾಡಿದ್ದೇ ಆ ಸದ್ದು ಅಡಗಿಸಲು. ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಗ್ರೌಂಡ್ ಸರಿಯಿದೆ ಎಂದರ್ಥ. ಕರೆಂಟು ಜುಮ್ಮೆಂದರೆ ತಕ್ಷಣ ನಿಲ್ಲಿಸಿ, ಮನೆಯ ಅರ್ಥಿಂಗ್ ನೋಡಿಸಿ. ನಾಬ್ ಕರಕರ ಎಂದರೆ ಒಳಗಿನ ಪಾಟ್‌ಗೆ (ನಾಬ್ ತಿರುಗಿಸುವ ಬಿಡಿಭಾಗಕ್ಕೆ) ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿ.

ಪ್ರಶ್ನೆ: ನೈಲಾನ್ ತಂತಿಯ ಹಳೇ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ನೈಲಾನ್ ತಂತಿಗಳ ಒಟ್ಟು ಎಳೆತ 40 ಕೆ.ಜಿ. ಆಸುಪಾಸು, ಸ್ಟೀಲ್‌ನ ಲೈಟ್ ಸೆಟ್‌ಗೆ 70 ದಾಟುತ್ತದೆ. ಸ್ಪೇನಿನ ಗಿಟಾರ್ ತಯಾರಕ ತೋರೆಸ್ ರೂಢಿಗೆ ತಂದ, ಹಲಗೆಯ ಒಳಬದಿಯ ಬೀಸಣಿಗೆಯಂಥ ಪಟ್ಟಿಗಳು ಆ ಭಾರಕ್ಕೆ ಮಾಡಿದವಲ್ಲ; ಬ್ರಿಡ್ಜ್ ಕಿತ್ತು ಬರುತ್ತದೆ.